ಒಂದು ಡಿಗ್ರಿಯ ನ್ಯಾಯ

ಬೆಳಗಿನ ಆರೂವರೆ ಗಂಟೆ. ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಡೈರಿ ಮುಂದೆ ಕ್ಯಾನು, ಪಾತ್ರೆ, ಮುಚ್ಚಳದ ಬಕೆಟ್ಟು ಹಿಡಿದವರ ಸಾಲು. ಒಬ್ಬ ಅಜ್ಜಿಯ ಸರದಿ ಬಂತು. ಅವರ ಮನೆ ಡೈರಿಯ ಹಿಂದಿನ ಬೀದಿಯಲ್ಲೇ. ಹಸು ಕರೆದು ಕೆಚ್ಚಲು ಒರೆಸಿದವರೇ ಪಾತ್ರೆ ಹಿಡಿದು ನೇರ ಬಂದಿದ್ದರು. ಹಾಲು ನೋಡುವ ಹುಡುಗ ಉದ್ದನೆಯ ಜಾರಿಗೆ ಒಂದಿಷ್ಟು ಹಾಲು ಸುರಿದು ಲ್ಯಾಕ್ಟೋಮೀಟರ್ ಬಿಟ್ಟ. ಗಾಜಿನ ಬುರುಡೆ ಮುಳುಗಿತು, ಮೇಲೆದ್ದಿತು, ಅತ್ತಿತ್ತ ತೂಗಿ ನಿಂತಿತು.

‘ಇಪ್ಪತ್ತೈದು. ಡಿಗ್ರಿ ಬರ್ತಿಲ್ಲ ಅಜ್ಜಿ. ನೀರು ಬಿದ್ದಂಗಿದೆ.’

ಸಾಲಿನಲ್ಲಿದ್ದವರೆಲ್ಲ ಒಮ್ಮೆ ತಿರುಗಿ ನೋಡಿದರು. ಅಜ್ಜಿಯ ಮುಖ ಸಣ್ಣದಾಯಿತು. ‘ನೀರು ಹಾಕೋ ಬುದ್ಧಿ ನಂಗ್ಯಾಕೆ ಬರ್ಲಿ ಮಗಾ? ಈಗ ತಾನೇ ಕರ್ಕೊಂಡು ಬಂದಿದೀನಿ ಕಣಪ್ಪಾ. ಮುಟ್ಟಿ ನೋಡು, ಇನ್ನೂ ಬೆಚ್ಚಗೈತೆ.’

ನಾನು ಅಲ್ಲಿಗೆ ಬೇರೆ ಕೆಲಸಕ್ಕೆ ಹೋಗಿದ್ದವನು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡೋಣವೇ ಎಂದು ಕೇಳಿಕೊಂಡೆ. ಹುಡುಗ ಒಪ್ಪಿದ. ಅಜ್ಜಿಯ ಪಾತ್ರೆಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಟ್ಟು ಉಳಿದವರ ಹಾಲು ಮುಗಿಸಿಕೊಂಡ. ಅರ್ಧ ಗಂಟೆಯ ನಂತರ ಅದೇ ಹಾಲು, ಅದೇ ಜಾರು, ಅದೇ ಲ್ಯಾಕ್ಟೋಮೀಟರ್. ಈ ಸಲ ಗೆರೆ ನಿಂತಿದ್ದು ಇಪ್ಪತ್ತೇಳೂವರೆಯಲ್ಲಿ. ಹಾಲು ಪಾಸಾಯಿತು. ಹುಡುಗ ಅಜ್ಜಿಯ ಕಡೆ ನೋಡಲಾರದೆ ಪುಸ್ತಕದಲ್ಲಿ ಅಂಕಿ ಬರೆದುಕೊಂಡ. ಅವನು ಒಳ್ಳೆಯ ಹುಡುಗನೇ. ಅವನ ಬಳಿ ಥರ್ಮಾಮೀಟರ್ ಇರಲಿಲ್ಲ, ಅಷ್ಟೇ.

ಎರಡೂವರೆ ಡಿಗ್ರಿ. ಒಬ್ಬ ಪ್ರಾಮಾಣಿಕ ಹೆಂಗಸನ್ನು ಊರ ಮುಂದೆ ಕಳ್ಳಿಯನ್ನಾಗಿಸಲು ಅಷ್ಟೇ ಸಾಕಾಗಿತ್ತು. ಹಾಲಿನ ಸಾಂದ್ರತೆ ಅಳೆಯುವ ವಿದ್ಯೆ ಬಹಳ ಸರಳ, ಬಹಳ ಹಳೆಯದು, ಬಹಳ ಉಪಕಾರಿಯೂ ಹೌದು. ಆದರೆ ಆ ಅಂಕಿಯನ್ನು ಓದಲು ಬಾರದಿದ್ದರೆ ಕಳ್ಳ ತಪ್ಪಿಸಿಕೊಳ್ಳುತ್ತಾನೆ, ಸಾಚಾ ಸಿಕ್ಕಿಬೀಳುತ್ತಾನೆ. ಆದ್ದರಿಂದ ಈ ವಾರ ಇದನ್ನೇ ಬಿಡಿಸಿ ಹೇಳಬೇಕೆನಿಸಿದೆ.

ಹಾಲಿನಲ್ಲಿ ನೂರಕ್ಕೆ ಸುಮಾರು ಎಂಬತ್ತೇಳು ಪಾಲು ನೀರೇ. ಉಳಿದ ಹದಿಮೂರು ಪಾಲಿನಲ್ಲಿ ಎರಡು ಬಗೆಯ ಪದಾರ್ಥಗಳಿವೆ. ಒಂದು ಜಿಡ್ಡು, ಡೈರಿಯ ಭಾಷೆಯಲ್ಲಿ ಫ್ಯಾಟು. ಇದು ನೀರಿಗಿಂತ ಹಗುರ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಒಂದು ಲೀಟರ್ ಹಾಲಿನ ಜಿಡ್ಡು ಸುಮಾರು 930 ಗ್ರಾಂ ತೂಗುತ್ತದೆ. ಹಾಲು ಇಟ್ಟಲ್ಲೇ ಇಟ್ಟರೆ ಕೆನೆ ಮೇಲೆ ಬರುವುದು ಇದಕ್ಕೇ. ಇನ್ನೊಂದು, ಜಿಡ್ಡನ್ನು ಬಿಟ್ಟು ಉಳಿದ ಘನಾಂಶ: ಪ್ರೋಟೀನು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಸುಣ್ಣ ಮೊದಲಾದ ಖನಿಜಗಳು. ಇದನ್ನೇ ಡೈರಿಯವರು ಎಸ್‌ಎನ್‌ಎಫ್ ಎನ್ನುವುದು. ಇದು ನೀರಿಗಿಂತ ಬಲು ಭಾರ. ಜಿಡ್ಡು ಹಾಲನ್ನು ಹಗುರ ಮಾಡುತ್ತದೆ, ಉಳಿದ ಘನಾಂಶ ಭಾರ ಮಾಡುತ್ತದೆ. ಈ ಎರಡರ ಜಗ್ಗಾಟದಲ್ಲಿ ಘನಾಂಶವೇ ಗೆದ್ದು, ಒಳ್ಳೆಯ ಹಸುವಿನ ಹಾಲು ಲೀಟರಿಗೆ ಸುಮಾರು 1,028ರಿಂದ 1,030 ಗ್ರಾಂ ತೂಗುತ್ತದೆ. ಎಮ್ಮೆ ಹಾಲು ಅದಕ್ಕಿಂತ ತುಸು ಹೆಚ್ಚು, 1,030ರಿಂದ 1,032.

ಡೈರಿಯಲ್ಲಿ ಹಾಲನ್ನು ಕಿಲೋ ಲೆಕ್ಕದಲ್ಲಿ ತೂಗಿ ಲೀಟರಿಗೆ ತಿರುಗಿಸುವಾಗ 1.03ರಿಂದ ಭಾಗಿಸುವುದಕ್ಕೂ ಇದೇ ಕಾರಣ. ನೂರು ಕಿಲೋ ಹಾಲು ನೂರು ಲೀಟರ್ ಅಲ್ಲ, ತೊಂಬತ್ತೇಳು ಲೀಟರ್. ‘ಮೂರು ಲೀಟರ್ ಎಲ್ಲಿ ಹೋಯ್ತು’ ಎಂದು ಕೇಳುವ ರೈತರನ್ನು ನೋಡಿದ್ದೇನೆ. ಎಲ್ಲೂ ಹೋಗಿಲ್ಲ, ಹಾಲು ನೀರಿಗಿಂತ ಭಾರ, ಅಷ್ಟೇ.

ಲ್ಯಾಕ್ಟೋಮೀಟರ್ ಮಾಡುವುದು ಈ ಭಾರವನ್ನು ತಕ್ಕಡಿಯಿಲ್ಲದೆ ಅಳೆಯುವ ಕೆಲಸ. ಕೆಳಗೆ ಸೀಸದ ಗುಂಡು ತುಂಬಿದ ಬುರುಡೆ, ಮೇಲೆ ಗೆರೆ ಎಳೆದ ಸಣ್ಣ ಕೊಳವೆ. ತೇಲುವ ವಸ್ತು ತನ್ನ ತೂಕದಷ್ಟೇ ದ್ರವವನ್ನು ಪಕ್ಕಕ್ಕೆ ಸರಿಸುತ್ತದೆ ಎಂದು ಆರ್ಕಿಮಿಡೀಸ್ ಹೇಳಿದ್ದನ್ನು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಸೂತ್ರ. ದ್ರವ ಭಾರವಿದ್ದರೆ ಸ್ವಲ್ಪ ಸರಿಸಿದರೂ ಸಾಕು, ಕೊಳವೆ ಎತ್ತರದಲ್ಲಿ ನಿಲ್ಲುತ್ತದೆ. ದ್ರವ ಹಗುರವಿದ್ದರೆ ಹೆಚ್ಚು ಸರಿಸಬೇಕು, ಕೊಳವೆ ಆಳಕ್ಕೆ ಇಳಿಯುತ್ತದೆ. ಕುಂಟೆ ನೀರಿನಲ್ಲಿ ಮುಳುಗುವವನು ಸಮುದ್ರದ ಉಪ್ಪುನೀರಿನಲ್ಲಿ ಸುಲಭವಾಗಿ ತೇಲುವುದೂ ಇದೇ ಲೆಕ್ಕದ ಮೇಲೆ. ಹಾಲಿಗೆಂದೇ ಇಂಥ ಮಾಪಕಕ್ಕೆ ಗೆರೆ ಹಾಕಿ ಚಾಲ್ತಿಗೆ ತಂದವರಲ್ಲಿ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಔಷಧಶಾಸ್ತ್ರಜ್ಞ ಕ್ವೆವೆನ್ ಮುಖ್ಯ. ಇಂದಿಗೂ ಅವನ ಹೆಸರಿನ ಲ್ಯಾಕ್ಟೋಮೀಟರ್ ಇದೆ. ಗೆರೆ 28ರಲ್ಲಿ ನಿಂತರೆ ಸಾಂದ್ರತೆ 1.028 ಎಂದು ಅರ್ಥ. ಮುಂದಿನ 1.0 ಅನ್ನು ಬಿಟ್ಟು ಕೊನೆಯ ಎರಡಂಕಿಯನ್ನಷ್ಟೇ ಓದುತ್ತಾರೆ. ನಮ್ಮ ರೈತರು ‘ಡಿಗ್ರಿ’ ಎನ್ನುವುದು ಇದನ್ನೇ.

ನೀರಿನ ಲೆಕ್ಕ ಇಲ್ಲಿ ಬಾಯಲ್ಲೇ ಮಾಡುವಷ್ಟು ಸುಲಭ. ನೀರಿನ ಡಿಗ್ರಿ ಸೊನ್ನೆ. 28 ಡಿಗ್ರಿಯ ಹಾಲು ಒಂಬತ್ತು ಲೀಟರ್, ಅದಕ್ಕೆ ನೀರು ಒಂದು ಲೀಟರ್ ಸೇರಿದರೆ 28ರಲ್ಲಿ ಹತ್ತನೆಯ ಒಂದು ಪಾಲು ಕಳೆದು 25.2 ಉಳಿಯುತ್ತದೆ. ಹತ್ತರಲ್ಲಿ ಎರಡು ಪಾಲು ನೀರಾದರೆ 22.4. ಅಂದರೆ ಅಜ್ಜಿಯ ಹಾಲಿನ 25 ಡಿಗ್ರಿಯನ್ನು ಲೆಕ್ಕದ ಭಾಷೆಗೆ ತಿರುಗಿಸಿದರೆ, ‘ನೀನು ಹತ್ತು ಲೀಟರಿಗೆ ಒಂದು ಲೀಟರ್ ನೀರು ಹೊಡೆದಿದ್ದೀಯ’ ಎಂದಂತೆ. ಅಷ್ಟು ಸ್ಪಷ್ಟವಾದ ಆರೋಪ ಅದು. ಹಾಗಾದರೆ ತಪ್ಪಿದ್ದೆಲ್ಲಿ?

ತಪ್ಪಿದ್ದು ಶಾಖದಲ್ಲಿ. ಬಿಸಿಯಾದದ್ದು ಹಿಗ್ಗುತ್ತದೆ, ಹಿಗ್ಗಿದ್ದು ಹಗುರವಾಗುತ್ತದೆ. ಪ್ರತಿ ಲ್ಯಾಕ್ಟೋಮೀಟರಿನ ಕೊಳವೆಯ ಒಳಗಿನ ಚೀಟಿಯ ಮೇಲೆ ಅದನ್ನು ಯಾವ ಉಷ್ಣತೆಗೆ ತಯಾರಿಸಿದ್ದು ಎಂದು ಅಚ್ಚಾಗಿರುತ್ತದೆ. ವಿದೇಶದ ಹಳೆಯ ಮಾದರಿಗಳು 60 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 15.5 ಸೆಲ್ಸಿಯಸ್‌ಗೆ ಹೊಂದಿಸಿದವು. ನಮ್ಮ ಹವೆಗೆ ಅದು ಒಗ್ಗದು, ಹಾಗಾಗಿ ಭಾರತೀಯ ಮಾನಕದ ಲ್ಯಾಕ್ಟೋಮೀಟರಿಗೆ 27 ಸೆಲ್ಸಿಯಸ್. ಹಾಲು ಇದಕ್ಕಿಂತ ಬಿಸಿಯಿದ್ದರೆ ಒಂದೊಂದು ಸೆಲ್ಸಿಯಸ್ಸಿಗೂ ಸುಮಾರು 0.2ರಂತೆ ಅಂಕಿಗೆ ಕೂಡಿಸಬೇಕು. ತಣ್ಣಗಿದ್ದರೆ ಅಷ್ಟೇ ಕಳೆಯಬೇಕು. ಹೀಗೆ ಸರಿಪಡಿಸಿದ ಅಂಕಿಯೇ ನಿಜವಾದ ಡಿಗ್ರಿ. ಕೆಚ್ಚಲಿನಿಂದ ಬಂದ ಹಾಲು ಹಸುವಿನ ಮೈಶಾಖದಷ್ಟೇ ಬಿಸಿ. ಹಿಂದಿನ ಬೀದಿಯಿಂದ ಡೈರಿಗೆ ಬರುವಷ್ಟರಲ್ಲಿ ಅದು 35ಕ್ಕೆ ಇಳಿದಿತ್ತು ಎಂದುಕೊಂಡರೂ ಎಂಟು ಸೆಲ್ಸಿಯಸ್ ಹೆಚ್ಚು. ಒಂದೂವರೆ ಡಿಗ್ರಿಗಿಂತ ಮೇಲಿನ ವ್ಯತ್ಯಾಸ ಅಲ್ಲಿಯೇ ಬಂತು.

ಇನ್ನೊಂದು ಕಾರಣವೂ ಇದೆ. ಈಗಷ್ಟೇ ಕರೆದ ಹಾಲಿನಲ್ಲಿ ನೊರೆ, ಕಣ್ಣಿಗೆ ಕಾಣದ ಗಾಳಿಗುಳ್ಳೆಗಳು ತುಂಬಿರುತ್ತವೆ. ಜಿಡ್ಡು ಇನ್ನೂ ಕರಗಿದ ಸ್ಥಿತಿಯಲ್ಲಿರುತ್ತದೆ. ಹೊತ್ತು ಕಳೆದಂತೆ ಗಾಳಿ ಹೊರಟುಹೋಗಿ, ಜಿಡ್ಡು ಗಟ್ಟಿಯಾಗುತ್ತ ಬಂದು ಹಾಲು ತಾನಾಗಿಯೇ ಕೊಂಚ ಸಾಂದ್ರವಾಗುತ್ತದೆ. ಅರ್ಧ ಡಿಗ್ರಿಯಿಂದ ಒಂದು ಡಿಗ್ರಿಯವರೆಗೆ ಇದರಿಂದ ಏರುವುದುಂಟು. ಇದನ್ನು ಗುರುತಿಸಿದ ವಿಜ್ಞಾನಿಯ ಹೆಸರಿನಲ್ಲಿ ಇದಕ್ಕೆ ರೆಕ್ನಾಗೆಲ್ ಪರಿಣಾಮ ಎಂದೇ ಹೆಸರು. ಆದ್ದರಿಂದ ಕರೆದು ಅರ್ಧ ಗಂಟೆಯಾದರೂ ಆಗದ ಹಾಲಿಗೆ ಲ್ಯಾಕ್ಟೋಮೀಟರ್ ಬಿಡಬಾರದು.

‘ಇನ್ನೂ ಬೆಚ್ಚಗೈತೆ’ ಎಂದಿದ್ದರು ಅಜ್ಜಿ. ತನ್ನ ಹಾಲು ತಾಜಾ ಎಂದು ಹೇಳಲು ಆಡಿದ ಆ ಮಾತಿನಲ್ಲೇ ಡಿಗ್ರಿ ಬಾರದಿದ್ದುದರ ಕಾರಣವೂ ಇತ್ತು. ದೂರದ ತೋಟದ ಮನೆಯಿಂದ ಒಂದು ಗಂಟೆ ನಡೆದು ತಂದವರ ಹಾಲು ತಣ್ಣಗಾಗಿ ಪಾಸಾಗುತ್ತದೆ. ಹತ್ತಿರದ ಮನೆಯವರ ತಾಜಾ ಹಾಲು ಫೇಲಾಗುತ್ತದೆ. ಇದರ ಉಲ್ಟಾ ಕೂಡ ನಡೆಯುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟರೆ ಅಂಕಿ ಸುಳ್ಳೇ ಏರುತ್ತದೆ, ಹಾಕಿದ ನೀರನ್ನು ಆ ತಂಪು ಮುಚ್ಚಿಬಿಡುತ್ತದೆ.

ಅಳೆಯುವ ಕ್ರಮವೂ ಅಂಕಿಯನ್ನು ಕೆಡಿಸಬಹುದು. ಕೆನೆ ಮೇಲೆ ನಿಂತ ಹಾಲನ್ನು ಹಾಗೆಯೇ ಸುರಿದರೆ ತಪ್ಪು. ಪಾತ್ರೆಯಿಂದ ಪಾತ್ರೆಗೆ ನೊರೆಯೇಳದಂತೆ ಎರಡು ಸಲ ಹುಯ್ದು ಒಂದೇ ಹದಕ್ಕೆ ತರಬೇಕು. ಜಾರು ಬುರುಡೆಗೆ ತಗುಲದಷ್ಟು ಅಗಲವಿರಬೇಕು, ಹಾಲು ಅಂಚಿನವರೆಗೆ ತುಂಬಿರಬೇಕು. ಲ್ಯಾಕ್ಟೋಮೀಟರನ್ನು ಮೇಲಿನಿಂದ ಎಸೆಯದೆ, ಅಂದಾಜು ಅಂಕಿಯವರೆಗೆ ಕೈಯಲ್ಲೇ ಇಳಿಸಿ ಬಿಡಬೇಕು. ಅದು ಅಲುಗಾಡುವುದು ನಿಂತ ಮೇಲೆ ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು, ಕೊಳವೆಗೆ ಹಾಲು ಹತ್ತಿಕೊಂಡ ಮೇಲಂಚನ್ನು ಓದಬೇಕು. ನಿಂತುಕೊಂಡು ಮೇಲಿನಿಂದ ಇಣುಕಿದರೆ ಅರ್ಧ ಡಿಗ್ರಿ ಎತ್ತ ಬೇಕಾದರೂ ಹೋಗುತ್ತದೆ. ಕೊನೆಗೆ ಥರ್ಮಾಮೀಟರ್ ಅದ್ದಿ ಹಾಲಿನ ಶಾಖ ನೋಡಿ ಬರೆದುಕೊಳ್ಳಬೇಕು. ಇಷ್ಟಕ್ಕೆಲ್ಲ ಎರಡು ನಿಮಿಷ ಬೇಕು. ಸಾಲು ಉದ್ದವಿದ್ದ ಬೆಳಗಿನ ಹೊತ್ತು ಕೈಬಿಟ್ಟುಹೋಗುವುದೂ ಈ ಎರಡು ನಿಮಿಷವೇ.

ಇಷ್ಟು ಜತನದಿಂದ ಅಳೆದರೂ ಲ್ಯಾಕ್ಟೋಮೀಟರ್ ಒಂದನ್ನೇ ನಂಬಿದರೆ ಮೋಸ ಹೋಗುವ ದಾರಿಯೊಂದಿದೆ. ಜಿಡ್ಡು ಹಗುರ ಎಂದೆವಲ್ಲ, ಅಲ್ಲೇ ಇದೆ ಆ ದಾರಿ. ನಾಲ್ಕು ಪರ್ಸೆಂಟ್ ಫ್ಯಾಟ್ ಇರುವ, 28 ಡಿಗ್ರಿಯ ಒಳ್ಳೆಯ ಹಾಲು ತೆಗೆದುಕೊಳ್ಳಿ. ಅದರ ಕೆನೆ ತೆಗೆದು ಫ್ಯಾಟನ್ನು ಒಂದು ಪರ್ಸೆಂಟಿಗೆ ಇಳಿಸಿದರೆ, ಹಗುರವಾದ ಭಾಗ ಹೋದದ್ದರಿಂದ ಹಾಲು ಭಾರವಾಗಿ ಡಿಗ್ರಿ ಸುಮಾರು 32ಕ್ಕೆ ಏರುತ್ತದೆ. ಇಂಥ ಹಾಲು ಏಳು ಲೀಟರಿಗೆ ಒಂದು ಲೀಟರ್ ನೀರು ಸೇರಿಸಿ ಲ್ಯಾಕ್ಟೋಮೀಟರ್ ಬಿಟ್ಟರೆ ಗೆರೆ ಮತ್ತೆ ಸರಿಯಾಗಿ 28ಕ್ಕೆ ಬಂದು ನಿಲ್ಲುತ್ತದೆ. ಬೆಣ್ಣೆ ಒಂದು ಕಡೆ ಮಾರಾಟವಾಯಿತು, ನೀರು ಇನ್ನೊಂದು ಕಡೆ ಮಾರಾಟವಾಯಿತು, ಡಿಗ್ರಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಎರಡು ಕಳ್ಳತನ ಸೇರಿ ಒಂದು ಸಾಚಾತನದ ಅಂಕಿ ಹುಟ್ಟಿತು.

ಅದಕ್ಕಾಗಿಯೇ ಡಿಗ್ರಿಯ ಜೊತೆಗೆ ಫ್ಯಾಟ್ ನೋಡುವುದು. 1890ರ ದಶಕದ ಆರಂಭದಲ್ಲಿ ಸ್ವಿಟ್ಜರ್‌ಲೆಂಡಿನ ನಿಕ್ಲಾಸ್ ಗರ್ಬರ್ ರೂಪಿಸಿದ ವಿಧಾನ ನಮ್ಮ ಎಷ್ಟೋ ಡೈರಿಗಳಲ್ಲಿ ಇನ್ನೂ ನಡೆಯುತ್ತಿದೆ. ಗಾಜಿನ ಬ್ಯುಟಿರೋಮೀಟರಿಗೆ 10 ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್. ಮುಚ್ಚಿ ಅಲುಗಿಸಿದರೆ ಆಮ್ಲ ಪ್ರೋಟೀನನ್ನೆಲ್ಲ ಕರಗಿಸುತ್ತದೆ, ಗಾಜು ಕೈಗೆ ಸುಡುವಷ್ಟು ಕಾಯುತ್ತದೆ, ಬಿಳಿ ಹಾಲು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಿದರೆ ಜಿಡ್ಡು ಮಾತ್ರ ಬಂಗಾರದ ಬಣ್ಣದ ಪಟ್ಟಿಯಾಗಿ ಗೆರೆಗಳ ನಡುವೆ ನಿಲ್ಲುತ್ತದೆ. ಎಷ್ಟು ಗೆರೆಯೋ ಅಷ್ಟು ಪರ್ಸೆಂಟ್. ಕೆನೆ ತೆಗೆದು ನೀರು ಹಾಕಿದ ಹಾಲು ಲ್ಯಾಕ್ಟೋಮೀಟರಿನ ಕಣ್ಣು ತಪ್ಪಿಸಿದರೂ ಇಲ್ಲಿ ಒಂದು ಪರ್ಸೆಂಟೂ ತೋರಿಸಲಾಗದೆ ಸಿಕ್ಕಿಬೀಳುತ್ತದೆ.

ಡಿಗ್ರಿ, ಫ್ಯಾಟ್ ಎರಡೂ ಕೈಗೆ ಬಂದರೆ ಎಸ್‌ಎನ್‌ಎಫ್ ತಾನಾಗಿ ಸಿಗುತ್ತದೆ. ಈ ಮೂರರ ನಂಟನ್ನು ಒಂದು ಸೂತ್ರಕ್ಕೆ ಇಳಿಸಿದವರಲ್ಲಿ ಪ್ರಸಿದ್ಧನಾದವನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಿಚ್‌ಮಂಡ್. 27 ಸೆಲ್ಸಿಯಸ್ಸಿಗೆ ಹೊಂದಿಸಿದ ಭಾರತೀಯ ಮಾನಕದ ರೂಪ ಹೀಗಿದೆ: ಡಿಗ್ರಿಯ ಕಾಲು ಭಾಗ, ಫ್ಯಾಟಿನ ಕಾಲು ಭಾಗ, ಜೊತೆಗೆ 0.44. ಮೂರನ್ನೂ ಕೂಡಿದರೆ ಎಸ್‌ಎನ್‌ಎಫ್. ಅಜ್ಜಿಯ ಹಾಲಿನ ಫ್ಯಾಟು ಆ ದಿನ ನಾಲ್ಕು ಬಂದಿತ್ತು. ಮೊದಲ ಸಲದ 25 ಡಿಗ್ರಿಯನ್ನೇ ಹಿಡಿದಿದ್ದರೆ ಎಸ್‌ಎನ್‌ಎಫ್ 7.7. ಎರಡನೆಯ ಸಲದ 27.5ಕ್ಕೆ 8.3. ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಹಸುವಿನ ಹಾಲಿಗೆ ಫ್ಯಾಟ್ ಕನಿಷ್ಠ 3.2, ಎಸ್‌ಎನ್‌ಎಫ್ ಕನಿಷ್ಠ 8.3 ಇರಬೇಕು. ಡಿಗ್ರಿ ಒಂದು ಇಳಿದರೆ ಎಸ್‌ಎನ್‌ಎಫ್ ಕಾಲು ಪರ್ಸೆಂಟ್ ಇಳಿಯುತ್ತದೆ. ಹಾಲಿನ ದರ ಫ್ಯಾಟು ಮತ್ತು ಎಸ್‌ಎನ್‌ಎಫ್ ಮೇಲೆ ನಿಂತಿರುವಾಗ, ಆ ಒಂದು ಡಿಗ್ರಿ ಬಟವಾಡೆಯ ದಿನ ಮನೆಯ ರೇಷನ್ನಿನಲ್ಲೋ ಮಕ್ಕಳ ಫೀಸಿನಲ್ಲೋ ಕಾಣಿಸಿಕೊಳ್ಳುತ್ತದೆ.

ಪೇಟೆಯಲ್ಲಿ ಪ್ಯಾಕೆಟ್ ಹಾಲು ಕೊಳ್ಳುವವರಿಗೂ ಈ ಸೂತ್ರ ಒಂದು ಪಾಠ ಹೇಳುತ್ತದೆ. ನಂದಿನಿಯ ನೀಲಿ ಪ್ಯಾಕೆಟ್ಟಿನಂಥ ಟೋನ್ಡ್ ಹಾಲಿನಲ್ಲಿ ಫ್ಯಾಟ್ 3, ಎಸ್‌ಎನ್‌ಎಫ್ 8.5. ಲೆಕ್ಕ ಹಾಕಿದರೆ ಡಿಗ್ರಿ ಸುಮಾರು 29. ಡಬಲ್ ಟೋನ್ಡ್ ಹಾಲಿನಲ್ಲಿ ಫ್ಯಾಟ್ 1.5, ಎಸ್‌ಎನ್‌ಎಫ್ 9. ಡಿಗ್ರಿ 32ಕ್ಕಿಂತ ಮೇಲೆ. ಆರು ಪರ್ಸೆಂಟ್ ಫ್ಯಾಟಿನ ಫುಲ್ ಕ್ರೀಮ್ ಹಾಲಿನಲ್ಲೂ ಎಸ್‌ಎನ್‌ಎಫ್ 9, ಆದರೆ ಡಿಗ್ರಿ 28ರ ಆಸುಪಾಸು. ಎಲ್ಲಕ್ಕಿಂತ ದಪ್ಪ ಹಾಲಿಗೆ ಎಲ್ಲಕ್ಕಿಂತ ಕಡಿಮೆ ಡಿಗ್ರಿ! ಆನ್‌ಲೈನಿನಲ್ಲಿ ಲ್ಯಾಕ್ಟೋಮೀಟರ್ ತರಿಸಿಕೊಂಡು, ‘ದುಡ್ಡು ಜಾಸ್ತಿ ಕೊಟ್ಟ ಹಾಲೇ ನೀರು’ ಎಂದು ಬೇಸರಪಟ್ಟುಕೊಳ್ಳುವವರಿದ್ದಾರೆ. ಹೆಚ್ಚು ಡಿಗ್ರಿ ಎಂದರೆ ಹೆಚ್ಚು ಒಳ್ಳೆಯ ಹಾಲು ಎಂಬ ಎಣಿಕೆಯೇ ತಪ್ಪು. ಯಾವ ಬಗೆಯ ಹಾಲಿಗೆ ಎಷ್ಟು ಬರಬೇಕೋ ಅಷ್ಟು ಬಂದಿದೆಯೇ ಎನ್ನುವುದೇ ಪ್ರಶ್ನೆ.

ಸಾಂದ್ರತೆಯ ಕಣ್ಣಿಗೆ ಬೀಳದ ಕಲಬೆರಕೆಗಳೂ ಇವೆ ಎಂಬುದನ್ನು ಮುಚ್ಚಿಡಬಾರದು. ನೀರು ಹಾಕಿ ಡಿಗ್ರಿ ಇಳಿಸಿದವರು ಸಕ್ಕರೆ, ಉಪ್ಪು, ಹಿಟ್ಟು, ಯೂರಿಯಾ, ಹಾಲಿನ ಪುಡಿ ಬೆರೆಸಿ ಮತ್ತೆ ಏರಿಸಬಲ್ಲರು. ನೀರಿನಲ್ಲಿ ಕರಗಿ ಭಾರ ಕೊಡುವ ಯಾವುದೂ ಲ್ಯಾಕ್ಟೋಮೀಟರಿಗೆ ಘನಾಂಶವೇ. ಅದು ತೂಕ ಹೇಳುತ್ತದೆಯೇ ಹೊರತು ಆ ತೂಕ ಯಾವ ಪದಾರ್ಥದ್ದೆಂದು ಹೇಳಲಾರದು. ಅದಕ್ಕೆ ಬೇರೆ ಪರೀಕ್ಷೆಗಳು ಬೇಕು. ಅವುಗಳಲ್ಲಿ ಕೆಲವನ್ನು ಅಡುಗೆಮನೆಯಲ್ಲೇ ಮಾಡಬಹುದು. ಎರಡು ಮೂರು ಚಮಚ ಹಾಲಿಗೆ ನೀರು ಸೇರಿಸಿ ಕುದಿಸಿ, ಆರಿಸಿ, ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ ಎರಡು ಹನಿ ಬಿಡಿ. ನೀಲಿಯಾದರೆ ಅದರಲ್ಲಿ ಹಿಟ್ಟಿದೆ. ಹಾಲಿಗೆ ಅಷ್ಟೇ ನೀರು ಬೆರೆಸಿ ಬಾಟಲಿಯಲ್ಲಿ ಜೋರಾಗಿ ಕುಲುಕಿ. ತೆಳು ನೊರೆ ಬಂದರೆ ಸಹಜ, ಸೋಪಿನಂಥ ದಪ್ಪ ನೊರೆ ನಿಂತರೆ ಡಿಟರ್ಜೆಂಟ್ ಇದೆ. ನುಣುಪಾದ ಇಳಿಜಾರಿನ ಮೇಲೆ ಒಂದು ಹನಿ ಬಿಡಿ. ಒಳ್ಳೆಯ ಹಾಲು ಬಿಳಿ ಗೆರೆ ಎಳೆಯುತ್ತ ನಿಧಾನ ಇಳಿಯುತ್ತದೆ, ನೀರು ಬಿದ್ದ ಹಾಲು ಗುರುತೂ ಬಿಡದೆ ಓಡುತ್ತದೆ. ಈ ಬಳಸಿದ ಹಾಲನ್ನು ಮಾತ್ರ ಚೆಲ್ಲಿಬಿಡಬೇಕು, ಕುಡಿಯಬಾರದು.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2011ರಲ್ಲಿ ದೇಶದ ನಾನಾ ಕಡೆಯಿಂದ 1,791 ಮಾದರಿ ತೆಗೆದು ನೋಡಿದಾಗ 68.4 ಪರ್ಸೆಂಟ್ ನಿಗದಿತ ಮಟ್ಟಕ್ಕೆ ಬಂದಿರಲಿಲ್ಲ. ಆ ಅಂಕಿ ಊರೆಲ್ಲ ಹಬ್ಬಿ, ಕುಡಿಯುವ ಹಾಲೆಲ್ಲ ವಿಷ ಎಂಬ ಭಯ ಹುಟ್ಟಿಸಿತು. ಆದರೆ ಮಟ್ಟಕ್ಕೆ ಬಾರದ್ದೆಲ್ಲ ವಿಷವಲ್ಲ. ದೊಡ್ಡ ಪಾಲು ಫ್ಯಾಟು, ಎಸ್‌ಎನ್‌ಎಫ್ ಕಡಿಮೆಯಿದ್ದ ಹಾಲು. 2018ರಲ್ಲಿ 6,432 ಮಾದರಿಗಳ ಇನ್ನೊಂದು ಸಮೀಕ್ಷೆ ನಡೆಯಿತು. ಅದರಲ್ಲಿ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ. ಅದಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಬೇರೆ: 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಮಿತಿ ಮೀರಿತ್ತು, 77ರಲ್ಲಿ ಆ್ಯಂಟಿಬಯಾಟಿಕ್ ಮಿತಿ ಮೀರಿತ್ತು. ಅಫ್ಲಾಟಾಕ್ಸಿನ್ ಯಾರೂ ಬೆರೆಸಿದ್ದಲ್ಲ. ಬೂಸ್ಟು ಹಿಡಿದ ಮೇವು, ಹಿಂಡಿ ತಿಂದ ಹಸುವಿನಿಂದ ಹಾಲಿಗೆ ಇಳಿದದ್ದು. ಇಂಥ ಹಾಲಿನ ಡಿಗ್ರಿ ಅಚ್ಚುಕಟ್ಟಾಗಿ 28 ಇರಬಹುದು. ಆದ್ದರಿಂದ ಡಿಗ್ರಿ ಬಂತೆಂದರೆ ಹಾಲು ಶುದ್ಧ ಎಂದೂ, ಡಿಗ್ರಿ ಬರಲಿಲ್ಲವೆಂದರೆ ಮೋಸ ಎಂದೂ ತೀರ್ಪು ಕೊಡುವುದು ಎರಡೂ ದುಡುಕು.

ಮೋಸವಿಲ್ಲದೆಯೂ ಡಿಗ್ರಿ, ಫ್ಯಾಟು ಏಕೆ ಬೀಳುತ್ತವೆ ಎನ್ನುವುದು ನಮ್ಮ ಹೈನುಗಾರರು ತಿಳಿಯಲೇಬೇಕಾದ ಮಾತು. ಎಚ್‌ಎಫ್ ಹಸು ಕೊಡುವ ಹಾಲು ಹೆಚ್ಚು, ಅದರ ಫ್ಯಾಟು, ಎಸ್‌ಎನ್‌ಎಫ್ ಜೆರ್ಸಿಗಿಂತ ಕಡಿಮೆ. ಬೇಸಿಗೆಯಲ್ಲಿ ಹಸಿರು ಮೇವು ತೀರಿ ಬರೀ ಒಣಹುಲ್ಲಿನ ಮೇಲೆ ನಿಂತ ಹಸುವಿಗೆ ಶಕ್ತಿ ಸಾಲದೆ ಘನಾಂಶ ಇಳಿಯುತ್ತದೆ. ಕೆಚ್ಚಲುಬಾವು ಬಂದರೆ ಲ್ಯಾಕ್ಟೋಸ್ ಕುಸಿದು ಹಾಲು ಉಪ್ಪುಪ್ಪಾಗುತ್ತದೆ. ಎಷ್ಟೋ ಸಲ ಕೆಚ್ಚಲು ಊದುವ ಮೊದಲೇ ಡಿಗ್ರಿ ಬಿದ್ದು ಮುನ್ಸೂಚನೆ ಕೊಡುತ್ತದೆ. ಕೊನೆಯ ಧಾರೆಯ ಹಾಲು ಕರುವಿಗೆ ಬಿಟ್ಟರೆ ಡೈರಿಗೆ ಹೋಗುವ ಹಾಲಿನಲ್ಲಿ ಫ್ಯಾಟು ಇಳಿಯುತ್ತದೆ, ಏಕೆಂದರೆ ಜಿಡ್ಡು ಹೆಚ್ಚಿರುವುದು ಆ ಕೊನೆಯ ಧಾರೆಗಳಲ್ಲೇ. ಇದಕ್ಕೆಲ್ಲ ಮದ್ದು ಕೊಟ್ಟಿಗೆಯಲ್ಲಿದೆ: ಹಸಿರು ಮೇವು, ಹದವಾದ ಹಿಂಡಿ, ಖನಿಜ ಮಿಶ್ರಣ, ಹೊತ್ತುಹೊತ್ತಿಗೆ ಕುಡಿಯಲು ಶುದ್ಧ ನೀರು, ಕೆಚ್ಚಲಿನ ಶುಚಿ.

ಇದೇ ಅಳತೆ ಕರುವಿಗೂ ಉಪಕಾರ ಮಾಡುತ್ತದೆ. ಈದ ದಿನದ ಗಿಣ್ಣು ಹಾಲಿನಲ್ಲಿ ರೋಗ ತಡೆಯುವ ಪ್ರೋಟೀನು ತುಂಬಿರುವುದರಿಂದ ಅದರ ಡಿಗ್ರಿ 40 ದಾಟಿ 50ರ ಆಚೆಗೂ ಹೋಗುತ್ತದೆ. ಲ್ಯಾಕ್ಟೋಮೀಟರಿನ ಅಣ್ಣನಂಥ ಇನ್ನೊಂದು ಮಾಪಕದಿಂದ ಗಿಣ್ಣಿನ ಸಾಂದ್ರತೆ ಅಳೆದು, ಕರುವಿಗೆ ಸಾಕಷ್ಟು ರಕ್ಷಣೆ ಸಿಕ್ಕೀತೇ ಎಂದು ನೋಡುವ ಪದ್ಧತಿ ದೊಡ್ಡ ಹೈನು ಕೇಂದ್ರಗಳಲ್ಲಿದೆ. ನಾವು ಸಕ್ಕರೆ, ಏಲಕ್ಕಿ ಹಾಕಿ ಗಿಣ್ಣು ಬೇಯಿಸುವ ಮೊದಲು ಕರು ಹೊಟ್ಟೆ ತುಂಬ ಕುಡಿದಿರಬೇಕೆಂದು ಹಿರಿಯರು ಹೇಳುತ್ತಿದ್ದ ಮಾತಿಗೆ ಅಂಕಿಯ ಆಧಾರ ಇದು.

ನೀರು ಹಾಕಿದ್ದೋ, ಹಸುವಿನ ಹಾಲೇ ತೆಳುವೋ ಎಂಬ ಜಗಳ ಬಗೆಹರಿಸುವ ಪರೀಕ್ಷೆಯೂ ಇದೆ. ನೀರು ಸೊನ್ನೆ ಸೆಲ್ಸಿಯಸ್ಸಿನಲ್ಲಿ ಹೆಪ್ಪುಗಟ್ಟಿದರೆ ಹಾಲು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 0.54 ಕೆಳಗೆ. ಹಸುವಿನ ರಕ್ತಕ್ಕೂ ಹಾಲಿಗೂ ಈ ವಿಷಯದಲ್ಲಿ ಸಮತೋಲ ಇರುವುದರಿಂದ ತಳಿ ಬದಲಾದರೂ ಮೇವು ಬದಲಾದರೂ ಈ ಅಂಕಿ ಹೆಚ್ಚು ಕದಲದು. ನೀರು ಬಿದ್ದರೆ ಮಾತ್ರ ಸೊನ್ನೆಯ ಕಡೆಗೆ ಸರಿಯುತ್ತದೆ. ಇದನ್ನು ಅಳೆಯುವ ಉಪಕರಣ ಹಳ್ಳಿ ಡೈರಿಯಲ್ಲಿ ಇರುವಂಥದ್ದಲ್ಲ, ದೊಡ್ಡ ಪ್ರಯೋಗಾಲಯದ್ದು. ಅದಿಲ್ಲದಿದ್ದರೂ ಒಂದು ಹಳೆಯ, ಮನುಷ್ಯತ್ವದ ದಾರಿ ಇದೆ. ಇಂಗ್ಲೆಂಡಿನಲ್ಲಿ ಹಿಂದೆ ಹಾಲು ತೆಳುವೆಂದು ಆರೋಪ ಬಂದ ರೈತ ‘ಹಸುವಿಗೇ ಮೇಲ್ಮನವಿ’ ಸಲ್ಲಿಸುವ ಪದ್ಧತಿಯಿತ್ತು. ಅಧಿಕಾರಿ ಕೊಟ್ಟಿಗೆಗೆ ಬಂದು ತನ್ನ ಕಣ್ಣೆದುರೇ ಕೊನೆಯ ಧಾರೆಯವರೆಗೆ ಕರೆಸಿ, ಆ ಹಾಲನ್ನು ಪರೀಕ್ಷಿಸಿ ಹೋಲಿಸುತ್ತಿದ್ದ. ನಮ್ಮಲ್ಲೂ ಒಬ್ಬ ಸದಸ್ಯರ ಹಾಲು ದಿನವೂ ಡಿಗ್ರಿ ಬರುತ್ತಿಲ್ಲವೆಂದರೆ, ತಿರಸ್ಕರಿಸುವ ಮೊದಲು ಒಂದು ಸಂಜೆ ಅವರ ಕೊಟ್ಟಿಗೆಗೆ ಹೋಗಿ ಬರುವುದು ಸಂಘದವರಿಗೆ ಕಷ್ಟವಲ್ಲ. ಅಲ್ಲಿ ಕಾಣಿಸುವುದು ನೀರಿನ ಕೊಡವೋ, ಮೇವಿಲ್ಲದ ಗೋದಲಿಯೋ, ಊದಿದ ಕೆಚ್ಚಲೋ ಎಂಬುದು ಆಗಲೇ ತಿಳಿಯುತ್ತದೆ.

ಈಗ ಬಹಳಷ್ಟು ಡೈರಿಗಳಿಗೆ ಯಂತ್ರ ಬಂದಿದೆ. ಶಬ್ದತರಂಗ ಹಾಯಿಸಿ ಒಂದು ನಿಮಿಷದ ಒಳಗೆ ಫ್ಯಾಟು, ಎಸ್‌ಎನ್‌ಎಫ್, ಸಾಂದ್ರತೆ ಮೂರನ್ನೂ ಚೀಟಿಯಲ್ಲಿ ಅಚ್ಚು ಹಾಕಿ ಕೊಡುತ್ತದೆ. ಕೈಬರಹದ ಹೆಚ್ಚುಕಡಿಮೆಗೆ ಇದರಿಂದ ಕಡಿವಾಣ ಬಿದ್ದಿದೆ. ಇದು ಒಳ್ಳೆಯ ಬದಲಾವಣೆ. ಆದರೆ ಯಂತ್ರಕ್ಕೂ ಸ್ನಾನ ಬೇಕು, ತಿದ್ದುಪಡಿ ಬೇಕು. ಒಳಗಿನ ಸಣ್ಣ ನಾಳದಲ್ಲಿ ಹಾಲಿನ ಕಲ್ಲು ಕಟ್ಟಿದರೆ, ಮಾದರಿಯಲ್ಲಿ ಗಾಳಿಗುಳ್ಳೆ ಇದ್ದರೆ ಅದು ಕೂಡ ತಪ್ಪು ಅಂಕಿಯನ್ನು ಅಷ್ಟೇ ಅಚ್ಚುಕಟ್ಟಾಗಿ ಅಚ್ಚು ಹಾಕುತ್ತದೆ. ಅಚ್ಚಾದ ಅಂಕಿಯೊಡನೆ ವಾದ ಮಾಡುವ ಧೈರ್ಯ ರೈತನಿಗಿರುವುದಿಲ್ಲ. ಅದಕ್ಕೆ ಯಂತ್ರ ಬಂದ ಡೈರಿಯಲ್ಲೂ ಗಾಜಿನ ಲ್ಯಾಕ್ಟೋಮೀಟರನ್ನು ಅಟ್ಟಕ್ಕೆ ಹಾಕಬಾರದು. ವಾರಕ್ಕೊಮ್ಮೆ ಒಂದೇ ಹಾಲನ್ನು ಎರಡರಲ್ಲೂ ಅಳೆದು ತಾಳೆ ನೋಡಬೇಕು. ಗಾಜಿನ ಕೊಳವೆಗೆ ವಿದ್ಯುತ್ತು ಬೇಡ, ಅದರ ಗೆರೆಯನ್ನು ಎದುರು ನಿಂತ ರೈತನೂ ತನ್ನ ಕಣ್ಣಿನಿಂದ ಓದಬಲ್ಲ.

1970ರ ದಶಕದಲ್ಲಿ ಆಣಂದ್ ಮಾದರಿಯ ಸಹಕಾರ ಸಂಘಗಳು ನಮ್ಮ ಹಳ್ಳಿಗಳಿಗೆ ಬಂದಾಗ ಅವು ತಂದ ದೊಡ್ಡ ಭರವಸೆ, ಅಳತೆ ಎಲ್ಲರ ಎದುರಿಗೆ ನಡೆಯುತ್ತದೆ ಎಂಬುದು. ಅದಕ್ಕೂ ಮೊದಲು ಮನೆಬಾಗಿಲಿಗೆ ಬಂದ ಹಾಲಿನವನು ಹೇಳಿದ್ದೇ ಅಳತೆ, ಕೊಟ್ಟಿದ್ದೇ ದರ. ಭೂಮಿಯಿಲ್ಲದ, ಒಂದೇ ಹಸು ಕಟ್ಟಿಕೊಂಡ ಹೆಂಗಸಿಗೂ ದೊಡ್ಡ ಜಮೀನ್ದಾರನಿಗೂ ಒಂದೇ ಜಾರು, ಒಂದೇ ಲ್ಯಾಕ್ಟೋಮೀಟರ್ ಎಂಬುದು ಸಣ್ಣ ಮಾತಲ್ಲ. ಆ ಭರವಸೆ ಉಳಿಯಬೇಕಾದರೆ ಅಳತೆ ಎದುರಿಗೆ ನಡೆದರಷ್ಟೇ ಸಾಲದು, ಸರಿಯಾಗಿಯೂ ನಡೆಯಬೇಕು.

ಆದ್ದರಿಂದ ಹಾಲು ಉತ್ಪಾದಕರ ಸಂಘಗಳ ಅಧ್ಯಕ್ಷರಲ್ಲಿ, ಕಾರ್ಯದರ್ಶಿಗಳಲ್ಲಿ, ಹಾಲು ನೋಡುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ವಿನಂತಿ. ಜಾರಿನ ಪಕ್ಕ ಒಂದು ಥರ್ಮಾಮೀಟರ್ ಇಡಿ. ಎಷ್ಟು ಶಾಖಕ್ಕೆ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂಬ ಪಟ್ಟಿಯನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ ಗೋಡೆಗೆ ಅಂಟಿಸಿ. ಬೆಚ್ಚಗಿನ ಹಾಲು ತಂದವರಿಗೆ ಸ್ವಲ್ಪ ಹೊತ್ತು ಕಾಯಲು ಹೇಳಿ. ಹಾಲು ಹಾಕುವವರಲ್ಲೂ ಒಂದು ಮಾತು: ನಿಮ್ಮ ಚೀಟಿಯ ಅಂಕಿ ಓದಲು ಕಲಿಯಿರಿ, ಅನುಮಾನ ಬಂದರೆ ಇನ್ನೊಮ್ಮೆ ಅಳೆಯಲು ಕೇಳುವುದು ನಿಮ್ಮ ಹಕ್ಕು. ಮತ್ತು ಯಾರದೇ ಹಾಲಿನ ಡಿಗ್ರಿ ಕಡಿಮೆ ಬಂದಾಗ, ‘ನೀರು ಹಾಕಿದೀರಾ’ ಎಂದು ಕೇಳುವ ಮೊದಲು ‘ಹಾಲು ಎಷ್ಟು ಬಿಸಿ ಇದೆ’ ಎಂದು ನೋಡಿ.